ಟೈರಿನೊಳಗಿನ ಹಳೇ ಟ್ಯೂಬು

ನಮ್ಮಪ್ಪನ ಕೈಯಲ್ಲಿ ಸೈಕಲ್ ಟ್ಯೂಬು ಸಾಯುತ್ತಿರಲಿಲ್ಲ. ಪ್ಯಾಚಿನ ಮೇಲೆ ಪ್ಯಾಚು ಹಾಕಿ, ಇನ್ನು ಅಂಟಿಸಲು ಜಾಗವೇ ಇಲ್ಲ ಎಂದಾಗ ಅದಕ್ಕೆ ಇನ್ನೊಂದು ಜನ್ಮ ಶುರುವಾಗುತ್ತಿತ್ತು. ಒಂದು ಪಟ್ಟಿ ಕ್ಯಾರಿಯರಿಗೆ ಹುಲ್ಲಿನ ಹೊರೆ ಕಟ್ಟಲು, ಒಂದು ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ, ಒಂದು ಕುಡುಗೋಲಿನ ಹಿಡಿಗೆ. ಕಟ್ಟಿಗೆ ಹಸಿಯಾಗಿದ್ದ ದಿನ ಒಂದು ಚೂರು ಒಲೆಗೂ ಬೀಳುತ್ತಿತ್ತು. ಅವತ್ತಿನ ರೊಟ್ಟಿಗೆಲ್ಲ ರಬ್ಬರಿನ ವಾಸನೆ. ಹಾಗೆಂದು ಬಾಯಿಬಿಟ್ಟರೆ ಅಪ್ಪ ಉಣ್ಣುವುದು ಬಿಟ್ಟು ಭಾಷಣಕ್ಕೆ ನಿಲ್ಲುತ್ತಿದ್ದ.

ಅವನಿಗೆ ನಿಜವಾದ ಹೆಮ್ಮೆ ಇದ್ದದ್ದು ಇನ್ನೊಂದು ಉಪಯೋಗದ ಮೇಲೆ. ನಮ್ಮ ಹಳ್ಳಿಯಿಂದ ಕೋಗಳಿಗೆ ಹೋಗುವ ಗಾಡಿದಾರಿಯ ಎರಡೂ ಕಡೆ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿಯನ್ನೇ ದಾಟಿ ಕಾಲಿಗೆ ಬರುತ್ತದೆ, ಸೈಕಲ್ ಟೈರು ಯಾವ ಲೆಕ್ಕ? ಅದಕ್ಕೆ ಅಪ್ಪ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿನೊಳಗೆ ಸುತ್ತಲೂ ಹಾಸಿ, ಅದರ ಮೇಲೆ ಒಳ್ಳೆಯ ಟ್ಯೂಬು ಕೂರಿಸುತ್ತಿದ್ದ. ಮುಳ್ಳು ಟೈರು ದಾಟಿದರೂ ಈ ಹಾಸಿನಲ್ಲಿ ಸಿಕ್ಕಿಕೊಳ್ಳಬೇಕು. "ಇನ್ನ ಮುಳ್ಳಿನಪ್ಪ ಬಂದ್ರೂ ಪಂಚರ್ ಆಗಂಗಿಲ್ಲ ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅಣ್ಣನ ಮದುವೆಗೆ ಮುಂಚೆ ಸೈಕಲ್ಲಿನ ಹಿಂದಿನ ಗಾಲಿಗೆ ಹೀಗೆ ಹಾಸು ಹಾಕಿದ.

ಅತ್ತಿಗೆ ಉಜ್ಜಿನಿಯವಳು. ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡು, ತಂದೆಯೇ ಜಡೆ ಹೆಣೆದು, ರೊಟ್ಟಿ ಬಡಿದು ಸಾಕಿದ್ದರು. ತವರು ಎಂದರೆ ಅವಳಿಗೆ ಅವರೊಬ್ಬರೇ. ಅಲ್ಲಿಗೆ ಹೋಗಬೇಕೆಂದರೆ ಅಣ್ಣ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕೋಗಳಿಗೆ ಹೋಗಿ ಬೆಳಗಿನ ಕೊಟ್ಟೂರು ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಆ ದಿನದ ಪ್ರಯಾಣ ಮುಗಿದಂತೆ.

ಪಂಚಮಿಗೆ ಹೊರಟರು. ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಕೂತಿತು. ದೀಪಾವಳಿಗೆ ಹೊರಟರು, ಮತ್ತೆ ಅದೇ ಗಾಲಿ. ಅತ್ತಿಗೆ ಬುತ್ತಿಗಂಟು ಹಿಡಿದುಕೊಂಡು ಸೈಕಲ್ಲಿನ ಹಿಂದೆ ನಡೆದು ವಾಪಸು ಬಂದಳು. ಅಪ್ಪ ತಗಡಿನ ಬುಟ್ಟಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡಿದ, ಪ್ಯಾಚು ಹಾಕಿದ. ಟೈರು ತಡಕಿದರೆ ಒಂದೆರಡು ಮುಳ್ಳು ಸಿಕ್ಕವು. ಹುಡುಕಿದರೆ ಮುಳ್ಳು ಸಿಗದ ಟೈರು ನಮ್ಮ ಕಡೆ ಎಲ್ಲಿದೆ? ಕಾರಣ ಸಿಕ್ಕಿತೆಂದು ಅಪ್ಪ ಸುಮ್ಮನಾದ. ಹಾಸಿನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ.

ಅವ್ವ ಮಾತ್ರ ಬೇರೆ ಕಾರಣ ಹುಡುಕಿದಳು. ನಮ್ಮಣ್ಣ ಕಡ್ಡಿಯಂಥವನು. ಅವನೊಬ್ಬನೇ ದಿನಾ ಅದೇ ದಾರಿಯಲ್ಲಿ ಕೋಗಳಿಗೆ ಹೋಗಿ ಬಂದರೂ ಗಾಳಿ ಇಳಿಯುತ್ತಿರಲಿಲ್ಲ.

"ಅವನೊಬ್ನ ಹೋದ್ರ ಏನೂ ಆಗಂಗಿಲ್ಲ. ಇಕಿ ಕುಂತ ಕೂಡ್ಲೆ ಪಂಚರ್ ಆಗ್ತೈತಿ. ಇಕಿ ಕಾಲ್ಗುಣ ಅದು" ಎಂದಳು ಅವ್ವ, ಅತ್ತಿಗೆಗೆ ಕೇಳಲಿ ಎಂದೇ.

ನನಗೆ ಮೈಯೆಲ್ಲ ಉರಿಯಿತು. ಆದರೆ ಹೈಸ್ಕೂಲು ಓದುವ ಹುಡುಗಿಯ ಮಾತನ್ನು ನಮ್ಮ ಮನೆಯಲ್ಲಿ ಕೇಳುವವರು ಯಾರು? ಅಣ್ಣ ನೆಲ ನೋಡುತ್ತಿದ್ದ. ಹೆಂಡತಿಯ ಪರ ಮಾತಾಡಲು ಅವನಿಗೆ ಜನ್ಮದಲ್ಲಿ ಬಾಯಿ ಬಂದಿಲ್ಲ. ಕೆಲವು ದಿನದಲ್ಲಿ ಓಣಿಯ ಹೆಂಗಸರೂ ಅದನ್ನೇ ಆಡತೊಡಗಿದರು. ಅತ್ತಿಗೆ ಕೊನೆಕೊನೆಗೆ ಸೈಕಲ್ಲಿನ ಹತ್ತಿರ ಕಸ ಗುಡಿಸುವಾಗಲೂ ಅದನ್ನು ಮುಟ್ಟದೆ ಸುತ್ತಿ ಹೋಗುತ್ತಿದ್ದಳು.

ಆಮೇಲೆ ಒಂದು ಸಂಜೆ, ಕೋಗಳಿಯ ಎಸ್‌ಟಿಡಿ ಬೂತಿಗೆ ಫೋನು ಬಂದಿತ್ತೆಂದು ಅಲ್ಲಿಂದ ಬಂದವರೊಬ್ಬರು ಸುದ್ದಿ ತಂದರು. ಅತ್ತಿಗೆಯ ತಂದೆಗೆ ಎದೆನೋವು, ಮಗಳನ್ನು ನೋಡಬೇಕು ಅನ್ನುತ್ತಿದ್ದಾರೆ.

ಬೆಳಗಾಗುತ್ತಲೇ ಅತ್ತಿಗೆ ಕೇಳಿದಳು, "ಅತ್ತಿ, ಕೋಗಳಿ ತನಕ ನಾನು ನಡಕೊಂತ ಹೋಗ್ಲೇನ್ರಿ?"

"ಹೊಸ ಸೊಸಿ ಗಂಟು ಹೊತ್ಕೊಂಡು ನಡಕೊಂತ ತವರಿಗೆ ಹೋದ್ರ ಮಂದಿ ನಮ್ಮನ್ನ ಏನಂದಾರು? ಸೈಕಲ್ ಮ್ಯಾಲ ಹೋಗು" ಎಂದಳು ಅವ್ವ.

ಕಾಲ್ಗುಣ ಸರಿಯಿಲ್ಲವೆಂದು ಬೈದವಳೇ ಅವಳನ್ನು ಮತ್ತೆ ಅದೇ ಸೈಕಲ್ ಹತ್ತಿಸಿದಳು. ಅಪ್ಪ ಪಂಪು ಹೊಡೆದು, ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿ, ತಲೆಯಾಡಿಸಿದ. ಅತ್ತಿಗೆ ಭಾರ ಹಾಕದೆ ಕೂರಲು ಸಾಧ್ಯವಿದೆಯೇನೋ ಎಂಬಂತೆ ಕ್ಯಾರಿಯರಿನ ತುದಿಯಲ್ಲಿ ಕೂತಳು.

ದಾರಿಯಲ್ಲಿ ನಡೆದದ್ದನ್ನು ಅಣ್ಣ ಆಮೇಲೆ ಹೇಳಿದ. ಕೋಗಳಿಯ ಗುಡಿ ಕಾಣುವಷ್ಟು ಹತ್ತಿರ ಹೋಗಿದ್ದರಂತೆ. ಅಲ್ಲಿ ಗಾಲಿ ಕೂತಿತು. ಓಡೋಣ ಎಂದು ಅತ್ತಿಗೆ ಗಂಟು ಎದೆಗವಚಿಕೊಂಡು ಓಡಿದಳು. ಅಣ್ಣ ಸೈಕಲ್ ತಳ್ಳಿಕೊಂಡು ಹಿಂದೆ ಓಡಿದ. ಊರು ಮುಟ್ಟುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಬೇರೆ ಗಾಡಿ ಬರಬಹುದೆಂದು ಮಧ್ಯಾಹ್ನದ ತನಕ ಕಟ್ಟೆಯ ಮೇಲೆ ಕೂತರು. ಒಂದೂ ಬರಲಿಲ್ಲ. ಬೂತಿನವನೇ ಬಂದು ಹೇಳಿದನಂತೆ, "ಹಿರ್ಯಾರು ಹೋಗಿಬಿಟ್ರಂತ್ರಿ."

ಕೊನೆಗೆ ಯಾರದೋ ಟ್ರ್ಯಾಕ್ಟರಿನಲ್ಲಿ ಕೊಟ್ಟೂರಿಗೆ ಹೋಗಿ, ಅಲ್ಲಿಂದ ಉಜ್ಜಿನಿ ಮುಟ್ಟಿದರು. ಮಣ್ಣು ಮಾಡುವ ಹೊತ್ತಿಗಷ್ಟೇ ಮುಖ ನೋಡಲು ಸಿಕ್ಕಿತು. ತವರಿನಿಂದ ವಾಪಸು ಬಂದ ಅತ್ತಿಗೆ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವಳನ್ನು ಎದುರಿಸಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಟೈರು ಸವೆದು ಹೋಯಿತೆಂದು ಅಪ್ಪ ಹೊಸದು ತಂದ. ಒಳಗಿನ ಹಾಸನ್ನು ಕಿತ್ತು, ಬಿಸಾಡುವ ಮಾತೆಲ್ಲಿ, ಪಟ್ಟಿ ಕತ್ತರಿಸಿ ಅತ್ತಿಗೆಗೆ ಕೊಟ್ಟ. ಅವಳು ಪಡಸಾಲೆಯಲ್ಲಿ ಕೂತು ಕುಡುಗೋಲಿನ ಹಿಡಿಗೆ ಸುತ್ತಲೆಂದು ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಎಳೆದವಳು ತಟ್ಟನೆ ಕೈ ಬಿಟ್ಟಳು. ಬೆರಳಿನಲ್ಲಿ ರಕ್ತ.

ಅಪ್ಪ ಪಟ್ಟಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಒತ್ತಿದರೆ ಕರಿ ಮೊನೆಯೊಂದು ಹೊರಗೆ ಬರುತ್ತಿತ್ತು, ಬಿಟ್ಟರೆ ರಬ್ಬರಿನೊಳಗೇ ಅಡಗುತ್ತಿತ್ತು. ಹಳೇ ಟ್ಯೂಬಿನಲ್ಲಿ ಮುರಿದುಕೊಂಡಿದ್ದ ಜಾಲಿ ಮುಳ್ಳನ್ನು ನೋಡದೆ ಅವನೇ ಟೈರಿನೊಳಗೆ ಹಾಸಿದ್ದ. "ಭಾರ ಬಿದ್ರ ಚುಚ್ಚೈತಿ. ಒಬ್ನ ಕುಂತ್ರ ಚುಚ್ಚಿಲ್ಲ" ಎಂದ. ಅಪ್ಪನ ದನಿ ಅಷ್ಟು ಸಣ್ಣದಾದದ್ದು ನಾನು ಕೇಳಿದ್ದು ಅದೇ ಮೊದಲು.

ಅತ್ತಿಗೆ ಪಟ್ಟಿಯನ್ನು ವಾಪಸು ಇಸಿದುಕೊಂಡಳು. ಉಗುರಿನಿಂದ ಮುಳ್ಳು ಕಿತ್ತು, ಅಂಗೈಯಲ್ಲಿಟ್ಟು ಅವ್ವನ ಮುಂದೆ ಹಿಡಿದಳು.

"ಅತ್ತಿ, ನನ್ನ ಕಾಲಾಗ ಇರ್ಲಿಲ್ರಿ. ಇದ್ರಾಗ ಇತ್ತು, ನೋಡ್ರಿ."

ಅವ್ವ ಮುಳ್ಳನ್ನು ನೋಡಿದಳು, ಅವಳ ಮುಖ ನೋಡಲಿಲ್ಲ. ಎದ್ದು ಒಳಗೆ ಹೋದಳು, ಬಂದಳು, ಸೆರಗಿಗೆ ಕೈ ಒರೆಸಿಕೊಂಡಳು.

"ನಾಳಿ ತವರಿಗೆ ಹೋಗಿ ಬಾರವ್ವ. ನಾಕು ದಿನ ಇದ್ದು ಬಾ."

"ಯಾರನ್ನ ನೋಡಾಕ್ರಿ?" ಎಂದಳು ಅತ್ತಿಗೆ.

ಅವಳು ಅದೇ ಪಟ್ಟಿಯನ್ನು ಹಿಡಿಗೆ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಕುಡುಗೋಲು ತೆಗೆದುಕೊಂಡು ಹುಲ್ಲು ಕೊಯ್ಯಲು ಹೋದಳು.