ಡಯಟ್ ಕಪಾಟಿನ ಜೋಳ

ಗೆಳೆಯರೇ, ಇವತ್ತು ಬೆಳಿಗ್ಗೆ ಶಹಾಪುರದ ಅಂಗಡಿಯೊಂದರಲ್ಲಿ ಜೋಳದ ಹಿಟ್ಟು ಕೇಳಿದೆ. ಅಂಗಡಿಯವನು ಓಟ್ಸ್ ಪಕ್ಕದಿಂದ ಒಂದು ಪುಟ್ಟ ಪೊಟ್ಟಣ ತೆಗೆದು, "ಡಯಟ್ ಮಾಡಾಕತ್ತೀರೇನ್ರಿ?" ಎಂದ. ನನಗೆ ಮೈಯುರಿಯಿತು.

ಜಿಮ್‌ಗೆ ಹೋಗುವ ನನ್ನ ಮಗಳಿಗೆ ಅಲ್ಲಿಯ ಟ್ರೇನರ್, ಕೊಬ್ಬು ಕರಗಿ ಸ್ನಾಯು ಬೆಳೆಯಬೇಕಾದರೆ ಮೈದಾ, ಸಕ್ಕರೆ ಬಿಟ್ಟು ಬೇಳೆಯ ಜೊತೆ ಜೋಳದ ರೊಟ್ಟಿ ತಿನ್ನಲು ಹೇಳಿದ್ದಾನೆ. ನನ್ನವ್ವ ಜೀವನವಿಡೀ ಬಡಿದದ್ದು ಅದನ್ನೇ. ಕಾಲುವೆ ಬಂದ ಮೇಲೆ ನಮ್ಮ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವಿನಲ್ಲೂ ನೀರು ಜಿನುಗಿತು. ಹಂಚಿನ ಮೇಲೆ ಉಬ್ಬುತ್ತಿದ್ದ ಆ ರೊಟ್ಟಿಯ ವಾಸನೆಗೆ ಜೀವ ಇಂದಿಗೂ ಹಾತೊರೆಯುತ್ತದೆ.

ಪೊಟ್ಟಣವನ್ನು ಅಲ್ಲೇ ಬಿಟ್ಟು, ಊರಲ್ಲಿ ಹೊಲ ನೋಡಿಕೊಳ್ಳುವ ತಮ್ಮನಿಗೆ ಫೋನ್ ಮಾಡಿದೆ. "ಈ ಸಲ ಒಂದ್ ಎಕರೆ ಜೋಳ ಹಾಕೋ ತಮ್ಮಾ."

"ಅಣ್ಣಾ, ಎಡಕ್ಕ ಬಲಕ್ಕ ಬರೀ ಗದ್ದಿ ಅದಾವು. ನಡುವ ನಮ್ದೊಂದ ಜೋಳ ನಿಂತ್ರ ಸೀಮ್ಯಾಗಿನ ಹಕ್ಕಿ ಎಲ್ಲಾ ಅಲ್ಲೇ ಬಂದು ಇಳಿತಾವು. ನಿನಗ ಒಂದ್ ತೆನಿನೂ ಉಳಿಯಂಗಿಲ್ಲ."

ಸರಿ ಬಿಡಿ. ಜೋಳಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿರುವುದು ಈ ಸೀಮೆಯಲ್ಲಿ ನಾನೊಬ್ಬನೇ ಅಲ್ಲ.