ಅಜ್ಜನ ಕಲ್ಲು ಮತ್ತು ಇತಿಹಾಸ ಸಂಘ

ಎಪ್ಪತ್ತರ ದಶಕದ ಕೊನೆಗೆ ನಾನು ಕೂಡ್ಲಿಗಿಯಲ್ಲಿ ಪ್ರೌಢಶಾಲೆಯ ಮೇಷ್ಟ್ರಾಗಿದ್ದೆ. ನನಗೆ ಕಲಿಸಿ, ಓದಿಸಿ, ಆ ಕೆಲಸಕ್ಕೂ ದಾರಿ ತೋರಿಸಿದ್ದ ಹೆಡ್‌ಮಾಸ್ತರರು ನಿವೃತ್ತರಾದ ಮೇಲೆ ಊರಿನಲ್ಲೊಂದು ಇತಿಹಾಸ ಸಂಘ ಕಟ್ಟಿದರು. ಊರ ಹೊರಗಿನ ಕೇರಿಯವನಾದ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಕೆಲವರು ಮುಖ ಸಿಂಡರಿಸಿದರೂ ಅವರು ಲೆಕ್ಕಿಸಲಿಲ್ಲ. ಅಂಥ ಗುರುಗಳಿಗೆ ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಹಳೆಯ ಛತ್ರದ ಒಂದು ಕೋಣೆ ನಮ್ಮ ಸಂಘ. ತಂಬ್ರಹಳ್ಳಿಯಿಂದ ತಂದ ಕಾಳು ಅಳೆಯುವ ಕೊಳಗ, ಹಲವಾಗಲಿನ ಹೊಳೆದಂಡೆಯಲ್ಲಿ ಸಿಕ್ಕಿದ್ದ ಮಾಸ್ತಿಕಲ್ಲು ಅಲ್ಲಿದ್ದವು. ಭಾನುವಾರ ಶಾಲೆಯ ಮಕ್ಕಳನ್ನು ಕರೆಸಿ ಒಂದೊಂದರ ಕಥೆ ಹೇಳುತ್ತಿದ್ದೆವು. ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು.

ನಮ್ಮ ಮನೆಯ ಎದುರಿನ ಬೇವಿನ ಮರದಡಿ ಒಂದು ವೀರಗಲ್ಲಿತ್ತು. ಕೇರಿಯವರು ಅದನ್ನು ಅಜ್ಜ ಎನ್ನುತ್ತಿದ್ದರು. ಹಬ್ಬಕ್ಕೆ ಎಣ್ಣೆ ಹಚ್ಚಿ, ಎಡೆ ಇಡುತ್ತಿದ್ದರು. ಅದರ ಮೇಲೆ ಅಕ್ಷರಗಳಿವೆ ಎಂದು ಸಂಘಕ್ಕೆ ಹೇಳಿದವನು ನಾನೇ. ಹೆಡ್‌ಮಾಸ್ತರರು ಹಿಗ್ಗಿದರು. "ಎಣ್ಣಿ ಹಚ್ಚಿ ಹಚ್ಚಿ ಅಕ್ಷರ ಅಳಿಸಿ ಹೊಕ್ಕಾವು. ಕೋಣಿಗೆ ತಂದಿಡೋಣ. ನಿನ್ನ ಮಂದಿಗೆ ನೀನೇ ಹೇಳು" ಎಂದರು.

ಮನೆಗೆ ಬಂದು ಅವ್ವನ ಮುಂದೆ ನಾಲ್ಕಾರು ಸಲ ಬಾಯಿ ತೆರೆದು ಮುಚ್ಚಿದೆ. ಹೇಳಲಿಲ್ಲ. ಹೇಳಿಲ್ಲವೆಂದು ಹೆಡ್‌ಮಾಸ್ತರರಿಗೂ ತಿಳಿಸಲಿಲ್ಲ.

ಒಂದು ಬೆಳಿಗ್ಗೆ ಎತ್ತಿನ ಗಾಡಿ ಬಂದು ಬೇವಿನ ಮರದ ಕೆಳಗೆ ನಿಂತಿತು. ಹಿಂದೆಯೇ ಹೆಡ್‌ಮಾಸ್ತರರು. ವಿಷಯ ತಿಳಿದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಲ್ಲಿಗೆ ಬೆನ್ನು ಕೊಟ್ಟು ಕುಳಿತಳು.

"ಕಾಪಾಡಾಕ ಒಯ್ಯಾಕ ಹತ್ತೀವಮ್ಮ. ಮಳಿ ಬಿಸಲಿನಾಗ ಹಾಳಾಗ್ತೈತಿ" ಎಂದರು ಹೆಡ್‌ಮಾಸ್ತರರು.

"ಇಷ್ಟು ದಿನ ಯಾರು ಕಾಪಾಡ್ಯಾರ್ರಿ? ಒಯ್ದ ಮ್ಯಾಲ ಅಜ್ಜಗ ಎಣ್ಣಿ ಹಚ್ಚಾಕ ಛತ್ರದಾಗ ನನ್ನ ಬಿಡ್ತಾರೇನ್ರಿ?"

ಹೆಡ್‌ಮಾಸ್ತರರು ನನ್ನ ಕಡೆ ತಿರುಗಿದರು. ಅವ್ವನೂ ತಿರುಗಿದಳು. "ಲೇ, ಇವ್ರನ್ನ ನೀನ ಕರಕೊಂಡು ಬಂದೀಯೇನು?"

ಕೇರಿಯೆಲ್ಲ ನೆರೆದಿತ್ತು. ನೆಲ ಬಾಯಿಬಿಡಬಾರದೇ ಅನಿಸಿತು. ಕೊನೆಗೆ, "ಸರ, ಕಾಗದದ ಮ್ಯಾಲ ಅಚ್ಚು ತಗೊಳ್ಳೋಣ. ಕಲ್ಲು ಇಲ್ಲೇ ಇರ್ಲಿ" ಎಂದೆ.

ಅವರು ಗಾಡಿಯವನಿಗೆ ಕೈಸನ್ನೆ ಮಾಡಿ ಹೊರಟರು.

ಅಚ್ಚು ತೆಗೆಯುವ ದಿನ ಕಲ್ಲನ್ನು ಬೇರೆ ಯಾರೂ ಮುಟ್ಟಲು ಅವ್ವ ಬಿಡಲಿಲ್ಲ. ಸೀಗೆಪುಡಿ ಹಾಕಿ, ವಯಸ್ಸಾದವರಿಗೆ ನೀರು ಹಾಕುವಂತೆ ಮೆಲ್ಲಗೆ ತಾನೇ ತೊಳೆದಳು. ಒದ್ದೆ ಕಾಗದ ಒತ್ತಿ ಮಸಿ ಬಡಿದಾಗ ಅಕ್ಷರ ಎದ್ದವು. ಊರಿನ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು, ದನ ಬಿಡಿಸಿ ಸತ್ತವನ ಕಲ್ಲು ಅದು. ಓದಿ ಹೇಳಿದೆ. ಅವ್ವ ಸೆರಗಿನಿಂದ ಮಸಿ ಒರೆಸುತ್ತಲೇ ಕೇಳಿಸಿಕೊಂಡಳು. ನನ್ನ ಮುಖ ನೋಡಲಿಲ್ಲ.

ಆ ಮೇಲೆ ಹೆಡ್‌ಮಾಸ್ತರರು ನೀನು ಎನ್ನುವುದನ್ನು ಬಿಟ್ಟು ನನಗೆ "ಬರ್ರಿ, ಕುಂದರ್ರಿ" ಎನ್ನತೊಡಗಿದರು. ಕೇರಿಯಲ್ಲಿ ನಾನು ಹೋದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಸಂಘ ಬಿಟ್ಟರೆ ಗುರುಗಳಿಗೆ ಅವಮಾನ, ಇದ್ದರೆ ಕೇರಿಗೆ ಅನುಮಾನ. ಬಿಡಲಿಲ್ಲ.

ಒಂದು ಭಾನುವಾರ ಸಂಘದ ಗೋಡೆಯ ಮೇಲಿನ ಅಚ್ಚು ನೋಡಿದ ಮಕ್ಕಳು ಕಲ್ಲನ್ನೇ ನೋಡಬೇಕೆಂದು ಹಟ ಹಿಡಿದರು. ಕರೆದುಕೊಂಡು ಹೋದೆ. ಬಿಸಿಲಿತ್ತು. ಕಥೆ ಮುಗಿಯುವ ಹೊತ್ತಿಗೆ ಅವ್ವ ಚೆಂಬಿನಲ್ಲಿ ನೀರು ತಂದಳು. ಕೆಲವರು ಗಟಗಟ ಕುಡಿದರು. ಉಳಿದವರು ನಮ್ಮ ಮನೆಯ ಚೆಂಬನ್ನೂ ನನ್ನನ್ನೂ ನೋಡುತ್ತ ನಿಂತರು. ಕುಡಿಯಿರಿ ಎನ್ನಲೂ ಆಗಲಿಲ್ಲ, ಬಿಡಿ ಎನ್ನಲೂ ಆಗಲಿಲ್ಲ. ಅವ್ವ ಮಾತ್ರ ಚೆಂಬು ಹಿಡಿದುಕೊಂಡು ಅಲ್ಲಿಯೇ ಕಾದಳು.