ಕುರಿಗೆ ಮನಸ್ಸು ಬರುವವರೆಗೆ

ಮೊನ್ನೆ ಚಿತ್ರದುರ್ಗದಿಂದ ಹಿರಿಯೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ನಾದಿನಿಯ ಮಗನ ಹೊಸ ಮನೆಯ ಗೃಹಪ್ರವೇಶ. ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಹಣ್ಣಿನ ಚೀಲ ಇಟ್ಟುಕೊಂಡು, ದೊಡ್ಡ ಹೆಂಗಸಿನ ಗತ್ತಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ದಾರಿಯಲ್ಲಿ ರಸ್ತೆ ರಿಪೇರಿಗೆಂದು ಗಾಡಿಗಳನ್ನೆಲ್ಲ ನಿಲ್ಲಿಸಿದ್ದರು. ಕುರಿ ತುಂಬಿದ ಲಾರಿಯೊಂದು ನಮ್ಮ ಬಸ್ಸಿಗೆ ಅಂಟಿಕೊಂಡಂತೆ ಬಂದು ನಿಂತಿತು. ಒದ್ದೆ ಉಣ್ಣೆ, ಹಿಕ್ಕೆ, ಅರ್ಧ ಅಗಿದ ಹುಲ್ಲು, ಎಲ್ಲ ಸೇರಿದ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಬಸ್ಸಿನವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿದರು. ನಾನು ಮುಖ ಹೊರಗೆ ಚಾಚಿ ಚೆನ್ನಾಗಿ ಉಸಿರೆಳೆದುಕೊಂಡೆ, ಆಮೇಲೆ ಒಬ್ಬಳೇ ನಗತೊಡಗಿದೆ. ಪಕ್ಕದಲ್ಲಿದ್ದ ಹುಡುಗಿ ತುಸು ಸರಿದು ಕೂತಳು.

ನೀವಾದರೂ ಸರಿಯಬೇಡಿ. ನಗುವಿಗೆ ಕಾರಣವಿದೆ, ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಾನು ಹೊಸದುರ್ಗದವಳು. ನಮ್ಮದು ಕೊಬ್ಬರಿ, ಬೆಲ್ಲದ ಅಂಗಡಿಯ ಮನೆ. ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ, ಮೊಟ್ಟೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅಂಥ ಮನೆಯ ಹುಡುಗಿ ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿ ಕಪ್ಪೆ ಕೊಯ್ಯುತ್ತಿದ್ದೆ. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಅಂದುಕೊಳ್ಳಬೇಡಿ, ಗಣಿತದ ಮೇಲಿನ ಭಯದಿಂದ. ರಜೆಯಲ್ಲಿ ಊರಿಗೆ ಹೋದಾಗ ಏನು ಓದುತ್ತೀಯೆ ಎಂದು ಅಜ್ಜಿ ಕೇಳಿದರೆ ಗಿಡ, ಬಳ್ಳಿ, ಹೂವು ಎಂದಷ್ಟೇ ಹೇಳಿ ಬಚ್ಚಲಿಗೆ ಹೋಗಿಬಿಡುತ್ತಿದ್ದೆ.

ಪ್ರಯೋಗಶಾಲೆಯಲ್ಲಿ ನನ್ನ ಜೊತೆಗಾತಿ ಹಾಲಮ್ಮ. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯವಳು, ಕುರಿ ಸಾಕುವ ಮನೆಯ ಮಗಳು. ಹಾಸ್ಟೆಲಿನಲ್ಲೂ ನಮ್ಮದು ಒಂದೇ ರೂಮು. ಬಯಲಿನಲ್ಲಿ ಕುರಿಗಳನ್ನು ಕೂಗಿ ಕರೆದು ಬೆಳೆದ ಗಂಟಲು ಅವಳದು. ಅವಳು ಮೆಲ್ಲಗೆ ಆಡಿದ ಗುಟ್ಟು ಕೆಳಗಿನ ಅಡುಗೆಮನೆಗೆ ಕೇಳುತ್ತಿತ್ತು. ನಗಲು ಶುರುಮಾಡಿದರೆ ನಿಲ್ಲಿಸುವುದು ಅವಳಿಗೂ ಗೊತ್ತಿರಲಿಲ್ಲ. ಅವಳ ಜೊತೆ ಇದ್ದೂ ಇದ್ದೂ ನನಗೂ ಆ ರೋಗ ಅಂಟಿತು.

ಆ ವರ್ಷ ವಿಶ್ವವಿದ್ಯಾಲಯದವರು ಒಂದು ಹೊಸ ಸಂಗತಿ ಶುರುಮಾಡಿದರು. ಸುತ್ತಲಿನ ಕಾಲೇಜುಗಳ ಬಿ.ಎಸ್ಸಿ. ವಿದ್ಯಾರ್ಥಿಗಳು ತಾವೇ ಮಾಡಿದ ಸಂಶೋಧನೆಯನ್ನು ಒಂದು ದಿನ ಎಲ್ಲರೆದುರು ತೋರಿಸಬೇಕು, ದೊಡ್ಡ ಪ್ರೊಫೆಸರರು ಬಂದು ನೋಡಿ ಬಹುಮಾನ ಕೊಡುತ್ತಾರೆ. ಜಾಗ ನಮ್ಮದೇ ಕಾಲೇಜು, ದೀಪಾವಳಿ ಕಳೆದ ಮೇಲೆ. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಇಬ್ಬರನ್ನೂ ಕರೆದು ಹೇಳಿದರು: "ಚಾರ್ಟ್ ಬರ್ದು ತೂಗಾಕೋದು ಯಾರಾದ್ರೂ ಮಾಡ್ತಾರೆ. ನೀವು ಜೀವ ಇರೋದನ್ನ ತೋರ್ಸ್ರಿ."

ಜೀವ ಇರುವುದು ನಮ್ಮ ಬಳಿ ಬೇಕಾದಷ್ಟಿತ್ತು. ಕುರಿಯ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಪ್ರಾಣಿಗಳಿರುತ್ತವೆ. ತಿಂದ ಹುಲ್ಲು ಅರಗಲು ಅವೂ ಒಂದು ಕೈ ಹಾಕುತ್ತವೆ. ಹಸಿ ಹುಲ್ಲು ಮೇಯ್ದ ಕುರಿಯಲ್ಲೂ ಶೇಂಗಾ ಬಳ್ಳಿ ತಿಂದ ಕುರಿಯಲ್ಲೂ ಇವು ಒಂದೇ ಬಗೆಯವೋ, ಬೇರೆ ಬೇರೆಯೋ ಎಂಬುದು ನಮ್ಮ ಸಂಶೋಧನೆ. ಕಸಾಯಿಖಾನೆಯಿಂದ ಹೊಟ್ಟೆಯ ರಸವನ್ನು ಮೇಷ್ಟ್ರು ಫ್ಲಾಸ್ಕಿನಲ್ಲಿ ತರಿಸಿಕೊಡುತ್ತಿದ್ದರು. ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಸಂತೆಗೆ ಹೊರಟ ಜನದ ಹಾಗೆ ಗಿಜಿಗಿಜಿ ಓಡಾಡುತ್ತಿದ್ದವು. ನಾವು ಮೊದಲ ಸಲ ನೋಡಿದ ದಿನ ಊಟ ಬಿಟ್ಟು ಕೂತಿದ್ದೆವು.

ತೊಂದರೆ ಒಂದೇ. ಕುರಿಯ ಮೈಯ ಬಿಸಿ ಆರಿದರೆ ಅವು ಬದುಕುವುದಿಲ್ಲ. ದಿನವಿಡೀ ಬರುವ ಜನಕ್ಕೆ ತೋರಿಸಬೇಕು, ಫ್ಲಾಸ್ಕು ಎಷ್ಟು ಹೊತ್ತು ಕಾಯುತ್ತದೆ? ಒಂದು ದಿನ ಪರೀಕ್ಷೆ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಗಂಜಿಯ ತಳದ ನುಚ್ಚಿನ ಹಾಗೆ ಸುಮ್ಮನೆ ಬಿದ್ದಿದ್ದವು. ಹಾಲಮ್ಮ ಫ್ಲಾಸ್ಕನ್ನು ಪಕ್ಕಕ್ಕೆ ತಳ್ಳಿ, "ಕುರೀನೇ ಕರ್ಕಂಡ್ ಬರಾಣ ಕಣೆ. ಅದ್ಕಿಂತ ಒಳ್ಳೆ ಫ್ಲಾಸ್ಕ್ ಎಲ್ಲೈತೆ? ಮೆಲುಕು ಹಾಕ್ತಿರುವಾಗ ಬಾಯಿಂದ ಒಂದು ಉಂಡೆ ತಗಂಡು ಹಿಂಡಿದ್ರೆ ಆತು" ಎಂದಳು.

ಮೇಷ್ಟ್ರು ಒಪ್ಪಿದ್ದು ನನಗೆ ಇವತ್ತಿಗೂ ಆಶ್ಚರ್ಯ. ಅವಳ ಅಪ್ಪ ಬೀರಪ್ಪನವರು ಒಪ್ಪಿದ್ದು ಅದಕ್ಕಿಂತ ದೊಡ್ಡ ಆಶ್ಚರ್ಯ, ಆದರೆ ಅವರು ಒಂದು ಷರತ್ತು ಹಾಕಿದರು. ಹಾಲಮ್ಮನಿಗೆ ಎಂ.ಎಸ್ಸಿ. ಓದುವ ಆಸೆ. ಮನೆಯಲ್ಲಿ ಬಾಗೂರಿನ ಕಡೆಯ ಸಂಬಂಧವೊಂದರ ಮಾತು ನಡೆದಿತ್ತು. ಹಾಸ್ಟೆಲಿನ ಗೇಟಿನ ಹೊರಗೆ ಕುಕ್ಕರುಗಾಲಲ್ಲಿ ಕೂತು ಬೀರಪ್ಪನವರು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ.

"ಇಷ್ಟು ವರ್ಷ ಏನ್ ಓದ್ತೀಯವ್ವ ಅಂದ್ರೆ ಕಣ್ಣಿಗೆ ಕಾಣದ್ದು ಅಂತೀಯ. ಮನೇಲಿ ಕೇಳ್ದೋರಿಗೆ ನಾನೇನು ಹೇಳ್ಲಿ? ಕುರಿ ತರ್ತೀನಿ. ನಂಗೂ ತೋರ್ಸು. ಕಂಡ್ರೆ ಮುಂದಕ್ಕೆ ಓದು. ಕಾಣ್ದಿದ್ರೆ ಬಾಗೂರಿನೋರಿಗೆ ಮಾತು ಕೊಡ್ತೀನಿ."

"ಕಾಣ್ತಾವೆ ಕಣಪ್ಪ. ಬಾಳ ಅವೆ. ಒಂದ್ ಕಡೆ ನಿಲ್ಲಲ್ಲ, ಓಡಾಡ್ತಾನೇ ಇರ್ತಾವೆ," ಎಂದಳು ಹಾಲಮ್ಮ. ಆ ರಾತ್ರಿ ಅವಳು ನಗಲಿಲ್ಲ.

ಪ್ರದರ್ಶನದ ದಿನ ಬೆಳಗ್ಗೆ ಶೇಂಗಾ ಮೂಟೆಗಳ ಲಾರಿಯ ಮೇಲೆ ಬೀರಪ್ಪನವರೂ ಕುರಿಯೂ ಬಂದಿಳಿದರು. ಹೆಗಲ ಮೇಲೆ ಕಂಬಳಿ, ತಲೆಗೆ ಹೊಸ ರುಮಾಲು, ಕಾಲೇಜಿಗೆ ಮರ್ಯಾದೆಯೆಂದು ಕೈಯಲ್ಲಿ ಹಿಡಿದುಕೊಂಡ ಚಪ್ಪಲಿ. ಕುರಿಗೂ ಸ್ನಾನ ಮಾಡಿಸಿದ್ದರು. ನಮ್ಮ ಟೇಬಲ್ಲನ್ನು ಹಜಾರದಿಂದ ಹೊರಗೆ, ವರಾಂಡದ ತುದಿಗೆ ಹಾಕಿಸಿ, ಅಲ್ಲೇ ಕಂಬಕ್ಕೆ ಕುರಿ ಕಟ್ಟಿದೆವು. ಮೈಕ್ರೊಸ್ಕೋಪಿನ ಕನ್ನಡಿಗೆ ಬಿಸಿಲೂ ಚೆನ್ನಾಗಿ ಬೀಳುತ್ತಿತ್ತು. ಎಲ್ಲ ಸಿದ್ಧವಾಗಿತ್ತು, ಕುರಿಯೊಂದನ್ನು ಬಿಟ್ಟು.

ಕುರಿಯ ವಿಚಾರ ನಿಮಗೆ ತಿಳಿದಿರಬಹುದು. ಅದು ಹೆದರಿದಾಗ ಮೆಲುಕು ಹಾಕುವುದಿಲ್ಲ. ಮನಸ್ಸಿಗೆ ನೆಮ್ಮದಿಯಾಗಿ, ಕಾಲು ಮಡಚಿ ಕೂತ ಮೇಲೆಯೇ ತಿಂದದ್ದನ್ನು ಬಾಯಿಗೆ ತಂದುಕೊಳ್ಳುತ್ತದೆ. ಇಷ್ಟು ಸಣ್ಣ ಸಂಗತಿ ಕುರಿಗಳ ನಡುವೆ ಹುಟ್ಟಿದ ಹಾಲಮ್ಮನಿಗಾಗಲಿ, ಅವಳಪ್ಪನಿಗಾಗಲಿ, ಪುಸ್ತಕ ಓದಿದ ನನಗಾಗಲಿ ಮೊದಲೇ ಹೊಳೆಯಲಿಲ್ಲ. ಎನ್.ಸಿ.ಸಿ. ಹುಡುಗರ ಬೂಟಿನ ಸದ್ದು, ಮೈಕಿನ ಕಿರುಚಾಟ, ರೇಷ್ಮೆ ಸೀರೆಯ ಅತಿಥಿಗಳು, ಇವರ ನಡುವೆ ಕುರಿ ಕಣ್ಣರಳಿಸಿಕೊಂಡು ನಿಂತೇ ಇತ್ತು. ಅದು ಬಾಯಾಡಿಸಿದ್ದು ಒಂದೇ ಸಲ. ಪಕ್ಕದ ಕಾಲೇಜಿನವರು ಔಷಧಿ ಗಿಡಗಳನ್ನು ಕುಂಡದಲ್ಲಿ ಸಾಲಾಗಿ ಇಟ್ಟಿದ್ದರು. ಕತ್ತು ಉದ್ದ ಮಾಡಿ ಅವರ ತುಳಸಿಯನ್ನೂ ಇನ್ಯಾವುದೋ ಕೆಮ್ಮಿನ ಗಿಡವನ್ನೂ ಮುಗಿಸಿತು. ಅವರು ಜಗಳಕ್ಕೆ ಬಂದರು. ಹಾಲಮ್ಮ, "ನೆಗಡಿ ಆಗೈತೆ ಅದಕ್ಕೆ, ತಪ್ಪು ತಿಳ್ಕಬ್ಯಾಡ್ರಿ" ಎಂದಳು. ಅವರೂ ನಕ್ಕುಬಿಟ್ಟರು.

ಅಷ್ಟರಲ್ಲಿ ಪ್ರೊಫೆಸರು ಬಂದರು. ಕೋಟು, ಟೈ, ಹಿಂದೆ ನಮ್ಮ ಪ್ರಿನ್ಸಿಪಾಲರು. ನಾನು ಕಂಠಪಾಠ ಮಾಡಿದ್ದ ಇಂಗ್ಲಿಷ್ ಭಾಷಣವನ್ನು ಉಸಿರು ಬಿಡದೆ ಒಪ್ಪಿಸಿದೆ. ಅವರು ಮೈಕ್ರೊಸ್ಕೋಪಿಗೆ ಬಗ್ಗಿದರು. ಅದರಡಿಯಲ್ಲಿ ಬರೀ ಗಾಜಿತ್ತು.

"ಎಲ್ಲಿ ನಿಮ್ಮ ಪ್ರಾಣಿಗಳು?"

"ಕುರಿ ಒಳಗೆ ಅವೆ ಸಾರ್," ಎಂದಳು ಹಾಲಮ್ಮ.

"ಯಾವಾಗ ಹೊರಗೆ ಬರುತ್ತವೆ?"

"ಕುರಿಗೆ ಮನಸ್ಸು ಬಂದಾಗ ಸಾರ್."

ಸುತ್ತಲಿದ್ದವರು ಗೊಳ್ಳೆಂದರು. ಪ್ರೊಫೆಸರು ನಗಲೂ ಇಲ್ಲ, ಬೈಯಲೂ ಇಲ್ಲ, ಮುಂದಿನ ಟೇಬಲ್ಲಿಗೆ ಹೋದರು. ನಾನೂ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. ಹಾಲಮ್ಮನ ಕಡೆ ತಿರುಗಿದಾಗ ನಗು ನಿಂತುಹೋಯಿತು. ಅವಳು ಪ್ರೊಫೆಸರನ್ನು ನೋಡುತ್ತಿರಲಿಲ್ಲ. ಕಂಬದ ಬಳಿ ಸುಮ್ಮನೆ ನಿಂತಿದ್ದ ಅಪ್ಪನನ್ನು ನೋಡುತ್ತಿದ್ದಳು. ಸಂಜೆಯ ಲಾರಿಗೆ ಬೀರಪ್ಪನವರು ಹೊರಡಬೇಕಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾವು ಹೋಗಲಿಲ್ಲ. ವರಾಂಡ ನಿಧಾನವಾಗಿ ಖಾಲಿಯಾಯಿತು. ಬೀರಪ್ಪನವರು ಕಂಬಳಿ ಹಾಸಿ ಕುರಿಯ ಪಕ್ಕ ತಾವೂ ಕಾಲು ಚಾಚಿ ಒರಗಿದರು. ಹಾಲಮ್ಮ ಅದರ ಇನ್ನೊಂದು ಪಕ್ಕ ಕೂತಳು. ನಾನು ಅಲುಗಾಡಿದರೆ ಎಲ್ಲಿ ಕೆಡುತ್ತದೋ ಎಂದು ಟೇಬಲ್ಲಿನ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಮೇಷ್ಟ್ರಂತೂ ಊಟದ ಎಲೆ ಬಿಟ್ಟು ಎದ್ದು ಬಂದು, ಬಂದವರನ್ನೆಲ್ಲ ತುಟಿಯ ಮೇಲೆ ಬೆರಳಿಟ್ಟು ವಾಪಸ್ಸು ಕಳಿಸುತ್ತಿದ್ದರು. ಗಂಟೆ ಹೊಡೆಯಲು ಹೊರಟ ಜವಾನನ ಕೈಯನ್ನೇ ಹಿಡಿದುಕೊಂಡು, "ಈಗ ಬ್ಯಾಡಪ್ಪ, ಕುರಿ ಕುಂತೈತೆ" ಎಂದರು. ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಕುರಿಯೊಂದು ಕೂತದ್ದಕ್ಕೆ ಕಾಲೇಜಿನ ಗಂಟೆ ತಡವಾದದ್ದು ಅದೇ ಮೊದಲಿರಬೇಕು.

ಕುರಿಯ ಕತ್ತಿನಲ್ಲಿ ಏನೋ ಉರುಟಾದದ್ದು ಮೇಲಕ್ಕೆ ಸರಿಯಿತು. ದವಡೆ ಅತ್ತಿತ್ತ ಆಡಿತು. "ಬಂತು," ಎಂದಳು ಹಾಲಮ್ಮ, ಅವಳ ಜನ್ಮದಲ್ಲೇ ಮೊದಲ ಸಲ ಮೆಲ್ಲಗೆ. ಬೀರಪ್ಪನವರು ಎದ್ದು ಒಂದು ಕೈಯಲ್ಲಿ ದವಡೆ ಹಿಡಿದು ಇನ್ನೊಂದರಲ್ಲಿ ಉಂಡೆ ತೆಗೆದರು. ನಾನು, ಲಿಂಗಪೂಜೆಯ ಮನೆಯ ಮಗಳು, ಅದನ್ನು ನನ್ನ ಕರ್ಚೀಫಿನಲ್ಲಿ ಹಾಕಿ ಹಿಂಡಿದೆ. ಅಂಗೈಯಲ್ಲಿ ಬಿಸಿಮಾಡಿಟ್ಟ ಗಾಜಿನ ಮೇಲೆ ಒಂದು ತೊಟ್ಟು. ಬಗ್ಗಿ ನೋಡಿದೆ. ಇದ್ದವು. ದುಂಡನೆಯವು, ಉದ್ದನೆಯವು, ಅಂಚಿಗೆ ರೋಮವಿದ್ದವು, ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು.

"ದೊಡ್ಡಪ್ಪ, ಬರ್ರಿ," ಎಂದೆ.

ಬೀರಪ್ಪನವರು ರುಮಾಲು ತೆಗೆದು ಬಗ್ಗಿದರು. ಒಂದು ಕಣ್ಣು ಮುಚ್ಚಿ ಎಂದರೆ ಎರಡೂ ಮುಚ್ಚುತ್ತಿದ್ದರು, ತೆರೆಯಿರಿ ಎಂದರೆ ಎರಡೂ ತೆರೆಯುತ್ತಿದ್ದರು. ಕೊನೆಗೆ ಎರಡನ್ನೂ ತೆರೆದುಕೊಂಡೇ ಒಂದನ್ನು ಕೊಳವೆಗೆ ಇಟ್ಟರು. ಹಾಲಮ್ಮ ಟೇಬಲ್ಲಿನ ಆ ಕಡೆ, ಅಪ್ಪನ ಎದುರಿಗೆ ಕೈಕಟ್ಟಿ ನಿಂತಿದ್ದಳು. ಸುದ್ದಿ ಹರಡಿ ಊಟ ಮುಗಿಸಿದವರೆಲ್ಲ ಬಂದು ನೆರೆದರು. ಪ್ರೊಫೆಸರೂ ಬಂದರು, ಬೀರಪ್ಪನವರ ಹಿಂದೆ ನಿಂತು ಕೆಮ್ಮಿದರು.

"ತಡೀರಿ ಸ್ವಾಮಿ," ಎಂದರು ಬೀರಪ್ಪನವರು, ತಲೆ ಎತ್ತದೆ. "ನಮ್ಮ ಕುರಿ."

ಪ್ರೊಫೆಸರು ತಡೆದರು. ಅವರ ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ಮೇಷ್ಟ್ರು, ಆಮೇಲೆ ತುಳಸಿ ಕಳೆದುಕೊಂಡವರು, ವರಾಂಡದ ಉದ್ದಕ್ಕೂ ಸಾಲು. ಬೀರಪ್ಪನವರು ಅಲುಗಲಿಲ್ಲ. ಕೊನೆಗೊಮ್ಮೆ ನೆಟ್ಟಗೆ ನಿಂತು ರುಮಾಲು ಸುತ್ತಿಕೊಂಡರು.

"ಕಂಡ್ವು. ಬಾಳ ಅವೆ. ಒಂದ್ ಕಡೆ ನಿಲ್ಲಲ್ಲ," ಎಂದರು. ಆಮೇಲೆ ಮಗಳಿಗೆ, "ನಮ್ಮ ಕುರಿ ಒಳಗಿನವು ಅಂದ್ಮೇಲೆ ನಮ್ಮವೇ ಆದ್ವು. ಇವನ್ನ ನೋಡ್ಕಳಾಕೂ ಒಬ್ರು ಬೇಕಲ್ಲವ್ವ. ಓದು."

ಬಹುಮಾನ ನಮಗೆ ಬರಲಿಲ್ಲ. ಕೆಂಪು ನೀರು ಹರಿಯುವ ಪ್ಲಾಸ್ಟರಿನ ಹೃದಯಕ್ಕೆ ಹೋಯಿತು. ಹೋಗಲಿ, ಯಾರಿಗೆ ಬೇಕಿತ್ತು? ನಾವಿಬ್ಬರೂ ಕುರಿಯ ಎರಡು ಕಿವಿ ಹಿಡಿದುಕೊಂಡು ವರಾಂಡದಲ್ಲಿ ಕುಣಿದೆವು. ಪ್ರೊಫೆಸರು ಕೋಟು ತೆಗೆದು ಸ್ಟೂಲಿನ ಮೇಲಿಟ್ಟು ಇನ್ನೂ ನೋಡುತ್ತಲೇ ಇದ್ದರು. ಹಾಲಮ್ಮ ಎಂ.ಎಸ್ಸಿ. ಮಾಡಿದಳು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾಗಿ ಈಗ ಹೊಳಲ್ಕೆರೆಯಲ್ಲಿದ್ದಾಳೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ, ಪ್ರತಿ ವರ್ಷ ಮೈಕ್ರೊಸ್ಕೋಪು ಹೊರತೆಗೆದ ದಿನ ಮಕ್ಕಳಿಗೆ ಈ ಕತೆ ಹೇಳಿದೆ. ಆ ಮಕ್ಕಳಿಂದ ನಾನು ಕಲಿತದ್ದೂ ಒಂದಿದೆ: ಮೊದಲ ಸಲ ನೋಡುವವರಿಗೆ ತಮ್ಮ ರೆಪ್ಪೆಯ ಕೂದಲು ಬಿಟ್ಟು ಏನೂ ಕಾಣುವುದಿಲ್ಲ. ಆದರೂ "ಕಾಣ್ತು ಮಿಸ್" ಎನ್ನುತ್ತಾರೆ.

ಇದು ನನಗೆ ಎಷ್ಟೋ ವರ್ಷದಿಂದ ಗೊತ್ತು. ಬೀರಪ್ಪನವರ ಕತೆ ಗೊತ್ತಿದ್ದದ್ದು ಅದಕ್ಕೂ ಮೊದಲಿನಿಂದ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಬಂದದ್ದು ಮಾತ್ರ ಮೊನ್ನೆ, ನಿಂತ ಬಸ್ಸಿನಲ್ಲಿ. ಕೂಡಲೇ ಹಾಲಮ್ಮನಿಗೆ ಫೋನು ಮಾಡಿದೆ.

"ಹಾಲೂ, ಅಪ್ಪನಿಗೆ ಆವತ್ತು ನಿಜವಾಗ್ಲೂ ಕಂಡ್ವೇನೇ?"

ಆ ಕಡೆಯಿಂದ ಅದೇ ಹಳೆಯ ನಗು ಬಂತು, ಇಡೀ ಬಸ್ಸಿಗೆ ಕೇಳುವಂತೆ. "ಇಷ್ಟು ವರ್ಷಕ್ಕೆ ಕೇಳ್ದೆಯಲ್ಲ ಕಣೆ. ಏನೂ ಕಂಡಿರ್ಲಿಲ್ಲ. ಬರೀ ಬೆಳಕು. ನನ್ನ ಎಂ.ಎಸ್ಸಿ. ಮುಗಿದ್ ಮ್ಯಾಲೆ ಹೇಳ್ದ. ನೀನು ಆ ಕತೆನ ಎಲ್ರಿಗೂ ಅಷ್ಟು ಚೆಂದ ಹೇಳ್ತಿದ್ದೆ, ಕೆಡ್ಸಾದ್ಯಾಕೆ ಅಂತ ಸುಮ್ಕಿದ್ದೆ."

"ಮತ್ತೆ ಅಷ್ಟು ಹೊತ್ತು ಏನು ನೋಡ್ತಿದ್ರು?"

"ನಾನೂ ಅದ್ನೇ ಕೇಳ್ದೆ. 'ಇನ್ನೊಂದು ಕಣ್ಣು ಮುಚ್ಚಾಕೆ ಬರ್ಲಿಲ್ಲವಲ್ಲವ್ವ, ಅದ್ರಾಗೆ ನಿನ್ನ ಮುಖ ಕಾಣ್ತಿತ್ತು' ಅಂದ."

ಬಸ್ಸು ಯಾವಾಗ ಹೊರಟಿತೋ ನನಗೆ ತಿಳಿಯಲಿಲ್ಲ. ಹಿರಿಯೂರು ಬರುವವರೆಗೂ ಇಬ್ಬರೂ ಫೋನು ಇಡಲಿಲ್ಲ. ಅವಳು ನಗುವಾಗ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ, ನಾನು ನಗುವಾಗ ಅವಳು.